ನವನಗರ 4ನೇ ಕ್ರಾಸ್ ಬಂಧುಗಳು: ನಾಯಿ ಕಾಟ

ಮೂಲೆ ಮನೆ ಅಕ್ಕ (ರಾತ್ರಿ 1:52): ಎಲ್ಲರೂ ಮಲಗಿದ್ದೀರಾ? ಏಳ್ರಿ! ನಮ್ಮ ಮನೆಯವರು ಬಸ್ ಸ್ಟ್ಯಾಂಡಿನಿಂದ ಬರುವಾಗ ಟ್ಯಾಂಕಿನ ಹತ್ತಿರ ಮತ್ತೆ ಅದೇ ನಾಯಿಗಳು. ಗಾಡಿ ಸಮೇತ ಬಿದ್ದಿದ್ದಾರೆ. ಮೀನಖಂಡಕ್ಕೆ ಕಚ್ಚಿದೆ. ಹಾಲಿನ ಹುಡುಗನಿಗೆ ಕಚ್ಚಿದಾಗ "ನೋಡೋಣ" ಅಂದವರು ಈಗ ಬಂದು ನೋಡಿ.

ನರ್ಸ್ ಅಕ್ಕ (2:01): ಅರಿಶಿನ, ಸುಣ್ಣ, ಖಾರದ ಪುಡಿ ಏನೂ ಹಚ್ಚಬೇಡಿ. ನಲ್ಲಿ ಬಿಟ್ಟು, ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಆಮೇಲೆ ಜಿಲ್ಲಾ ಆಸ್ಪತ್ರೆ. ರಕ್ತ ಬಂದಿದ್ದರೆ ಲಸಿಕೆ ಜೊತೆ ಗಾಯದ ಸುತ್ತ ಕೊಡುವ ಇಂಜೆಕ್ಷನ್ನೂ ಬೇಕು. ಕೇಳಿ ಹಾಕಿಸಿ. ಮುಂದಿನ ಡೋಸ್ 3ನೇ ದಿನ (ಮೊದಲ ಡೋಸ್ ದಿನ 0 ಅಂತ ಲೆಕ್ಕ).

ಆಟೋ ಅಣ್ಣ (2:04): ಗಾಡಿ ತೆಗೆದೆ. ತೊಳೆದು ಮುಗಿಸಿ, ಗೇಟ್ ಹತ್ತಿರ ಇರ್ತೀನಿ.

ರಿಟೈರ್ಡ್ ಸರ್ (6:10): 🌹 ಶುಭ ಮುಂಜಾನೆ. ಒಳ್ಳೆಯ ಮನಸ್ಸಿಗೆ ಒಳ್ಳೆಯದೇ ಆಗುತ್ತದೆ. ಹತ್ತು ಜನರಿಗೆ ಕಳಿಸಿ.

ಮೂಲೆ ಮನೆ ಅಕ್ಕ: ಸರ್, ಮೇಲೆ ಒಮ್ಮೆ ಓದ್ರಿ.

ರಿಟೈರ್ಡ್ ಸರ್: ಓದಿದೆ ತಂಗಿ. ಮೂಲ ಕಾರಣ ಅನ್ನ ಹಾಕುವವರು. ಹೆಸರು ಹೇಳುವುದಿಲ್ಲ. ಹಸಿರು ಗೇಟು.

ಹಸಿರು ಗೇಟ್ ಮೇಡಂ: ಹೆಸರೇ ಹೇಳಿ ಸರ್, ನಮಗೇನು ಹೆದರಿಕೆ? ನಾನು ಹಾಕುವುದು ಎರಡು ರೊಟ್ಟಿ. ಕಲ್ಯಾಣ ಮಂಟಪದವರು ಚರಂಡಿ ಪಕ್ಕ ಸುರಿಯುವುದು ಒಂದು ಗಾಡಿ ಊಟ. ಅಲ್ಲಿ ಹೋಗಿ ಕೇಳುವ ಧೈರ್ಯ ಯಾರಿಗೂ ಇಲ್ಲ.

ರಿಟೈರ್ಡ್ ಸರ್: ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಮುಂಚೆ ಹಳೇ ಊರಿನ ಓಣಿಯಲ್ಲೂ ನಾಯಿ ಇದ್ದವು. ಯಾವುದು ಯಾರ ಮನೆ ಮುಂದೆ ಬಿದ್ದಿರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಸೆಕ್ಟರ್ ನಂಬರ್ ಬಿಟ್ಟರೆ ಯಾರಿಗೆ ಯಾರು ಗೊತ್ತು? (1/3)

ಕಾಲೇಜ್ ತಮ್ಮ: ಇನ್ನೂ ಎರಡು ಇದೆಯಾ ಸರ್? 😂 ಎಲ್ಲಾ ನಾಯಿ ಹಿಡಿದು ಆಲಮಟ್ಟಿ ದಾಟಿಸಿ ಬಿಟ್ಟರಾಯಿತು.

ಟೀಚರಮ್ಮ: ಹಾಗೆ ಬಿಡುವಂತಿಲ್ಲಪ್ಪ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕು. ರೇಬೀಸ್ ಇರುವ ನಾಯಿ, ಮೈಮೇಲೆ ಬೀಳುವ ನಾಯಿ ವಾಪಸ್ ಬಿಡಬಾರದು ಅಂತ 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಪರೇಷನ್ ಆಗಿದ್ದರೆ ಕಿವಿಯಲ್ಲಿ ಕತ್ತರಿಸಿದ ಗುರುತು ಇರುತ್ತದೆ. ನಮ್ಮ ಕ್ರಾಸಿನಲ್ಲಿ ಅಂಥದ್ದು ಒಂದೂ ಕಂಡಿಲ್ಲ. ಊಟ ಹಾಕುವ ಜಾಗ ಗೊತ್ತು ಮಾಡುವುದು ನಿವಾಸಿಗಳ ಸಂಘದ ಕೆಲಸ ಅಂತಲೂ ಆ ನಿಯಮದಲ್ಲಿದೆ. ನಮಗೆ ಸಂಘ ಎಲ್ಲಿದೆ? ಈ ಗುಂಪು ಮಾತ್ರ ಇದೆ.

ಟೀಚರಮ್ಮ: ಅರ್ಜಿ ಬರೆದಿದ್ದೇನೆ. ಭಾನುವಾರ 10ಕ್ಕೆ ಗಾರ್ಡನ್‌ಗೆ ಸಹಿ ಮಾಡಲು ಬನ್ನಿ. ನಾಯಿಗಳ ಫೋಟೋ ಇದ್ದರೆ ಇಲ್ಲೇ ಹಾಕಿ, ಕಿವಿ ಕಾಣುವ ಹಾಗೆ.

👍👍🙏👍

ಕಾಲೇಜ್ ತಮ್ಮ: (ಫೋಟೋ) ಇದು ನಮ್ಮ ಟಾಮಿ. ಕಿವಿ ಸರಿ ಇದೆ, ಬುದ್ಧಿ ಸರಿ ಇಲ್ಲ.

ರಿಟೈರ್ಡ್ ಸರ್: ಅರ್ಜಿ ನನಗೆ ತೋರಿಸದೆ ಕೊಡಬೇಡಿ. ಮೂವತ್ತು ವರ್ಷ ಆಫೀಸಿನಲ್ಲಿ ಇದನ್ನೇ ಮಾಡಿದವನು ನಾನು.

ಕಿರಾಣಿ ಅಣ್ಣ: ಟ್ಯಾಂಕಿನ ಹತ್ತಿರ ಲೈಟ್ ಇಲ್ಲ. ಅದನ್ನೂ ಅದರಲ್ಲೇ ಸೇರಿಸಿ.

ಮಹಡಿ ಮನೆ ಕಾಕಾ: ಲೈಟ್ ಆಮೇಲೆ. ಮೊದಲು ನೀರು ಯಾವಾಗ ಬಿಡ್ತಾರೆ ಕೇಳ್ರಿ.

ಟೀಚರಮ್ಮ: ಒಂದು ಅರ್ಜಿಗೆ ಒಂದೇ ವಿಷಯ ಇರಲಿ, ದಯವಿಟ್ಟು.

ಅಡ್ಮಿನ್: ಭಾನುವಾರ ಹೇಗೂ ಸೇರುತ್ತೀರಲ್ಲ, ಗಣಪತಿ ಪಟ್ಟಿ ಮೀಟಿಂಗೂ ಆಗಲೇ ಮುಗಿಸೋಣ. ಈ ಸಲ ಮನೆಗೆ 500.

ಮಹಡಿ ಮನೆ ಕಾಕಾ: 500 ಜಾಸ್ತಿ ಆಯಿತು. ಹೋದ ವರ್ಷದ ಲೆಕ್ಕ ಎಲ್ಲಿ?

ಅಡ್ಮಿನ್: ಲೆಕ್ಕ ಗುಂಪಿನಲ್ಲೇ ಹಾಕಿದ್ದೆ ಕಾಕಾ, ಹುಡುಕಿ ನೋಡಿ.

ಕಿರಾಣಿ ಅಣ್ಣ: ನನ್ನ ಬಾಕಿ ಆ ಲೆಕ್ಕದಲ್ಲಿ ಇಲ್ಲ.

ಹಸಿರು ಗೇಟ್ ಮೇಡಂ: ಪ್ರಸಾದದ ಎಲೆ ಎಲ್ಲಿ ಬಿಸಾಡುತ್ತೀರಿ ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ 500 ಕೊಡ್ತೀನಿ.

ರಿಟೈರ್ಡ್ ಸರ್: ಯಾರೂ ಉತ್ತರ ಕೊಡಬೇಡಿ. ನಾನು ಟೈಪ್ ಮಾಡುತ್ತಿದ್ದೇನೆ.