ಕೋಲಾರದ ಬೋರ್ ನೀರಿಗೆ ಯಾವ ಗಿಡ ಬರುತ್ತೆ?

ಕೋಲಾರದಲ್ಲಿ ಮನೆ ಮುಂದೆ ಸ್ವಲ್ಪ ಜಾಗ ಇದೆ, ಪಡುವಣ ಬಿಸಿಲು ಜೋರು. ನೀರು ಗಡಸು, ಕುಂಡದ ಅಂಚಿಗೆಲ್ಲ ಬಿಳಿ ಪುಡಿ ಕಟ್ಟುತ್ತದೆ. ದಾಸವಾಳದ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದೆ. ಏನು ಮಾಡಲಿ?

ಬಂಗಾರಪೇಟೆಯಿಂದ: ಅದು ಕಬ್ಬಿಣದ ಕೊರತೆ ಸರ್. ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತೆ, ಆದರೆ ಗಡಸು ನೀರು ಹಾಕ್ತಾ ಹಾಕ್ತಾ ಮಣ್ಣು ಕ್ಷಾರವಾಗಿ ಬೇರಿಗೆ ಅದು ಸಿಗಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ನಾಲ್ಕು ಹನಿ ನಿಂಬೆರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ. ಹಳೇ ಎಲೆ ನೋಡಬೇಡಿ, ಹೊಸ ಚಿಗುರು ಹಸಿರಾಗಿ ಬರ್ತಿದೆಯಾ ನೋಡಿ. ಮಳೆನೀರು ಹಿಡಿದಿಟ್ಟರೆ ಇನ್ನೂ ಒಳ್ಳೇದು.

ಮಾಲೂರಿನಿಂದ: ಪಡುವಣ ಅಂಚಿಗೆ ದಾಳಿಂಬೆ, ಕರಿಬೇವು ಹಾಕಿ. ಅವುಗಳ ನೆರಳಲ್ಲಿ ಕನಕಾಂಬರ ಚೆನ್ನಾಗಿ ಬರುತ್ತೆ. ನಮ್ಮ ಕೆಂಪು ಮಣ್ಣು ಒಣಗಿದರೆ ಗಟ್ಟಿಯಾಗಿಬಿಡುತ್ತೆ ಅಲ್ವಾ, ಕೊಟ್ಟಿಗೆ ಗೊಬ್ಬರ ಜಾಸ್ತಿ ಸೇರಿಸಿ, ಮೇಲೆ ಒಣ ಎಲೆ ಹೊದಿಸಿ. ಎಲೆ ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತೆ.

ಮುಳಬಾಗಿಲಿನಿಂದ: ಸುಮ್ನೆ ಗೊಬ್ಬರ ಸುರಿಯೋ ಮೊದಲು ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ. ನೀರಿನದ್ದೂ ಕೇಳಿ.