ಬ್ರಿಟನ್ನಿನ ಕೋವಿಡ್ ಸಾವುಗಳಲ್ಲಿ ಜನಾಂಗೀಯ ಅಂತರವೇಕೆ?

ಪ್ರಶ್ನೆ: 2020ರ ಜೂನ್‌ನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಕಟಿಸಿದ ವರದಿಯಂತೆ, ಸೋಂಕು ದೃಢಪಟ್ಟವರಲ್ಲಿ ವಯಸ್ಸು, ಲಿಂಗ, ಪ್ರದೇಶ, ಬಡತನಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಬಾಂಗ್ಲಾದೇಶಿ ಮೂಲದವರ ಸಾವಿನ ಅಪಾಯ ಬಿಳಿಯ ಬ್ರಿಟಿಷರದಕ್ಕಿಂತ ಸುಮಾರು 2 ಪಟ್ಟು ಇತ್ತು. ಇದಕ್ಕೆ ವಂಶವಾಹಿಗಳು ಕಾರಣವೇ?

ಉತ್ತರ 1: ಮುಖ್ಯ ಕಾರಣ ಅದಲ್ಲವೆಂದೇ ನನ್ನ ಅಭಿಪ್ರಾಯ. ಮೊದಲ ಅಲೆಯಲ್ಲಿ ಕಪ್ಪು ಆಫ್ರಿಕನ್ನರ ಸಾವಿನ ಪ್ರಮಾಣ ಅತಿ ಹೆಚ್ಚಿತ್ತು. ಎರಡನೆಯ ಅಲೆಯಲ್ಲಿ ಆ ಅಂತರ ತಗ್ಗಿ, ಬಾಂಗ್ಲಾದೇಶಿ ಮತ್ತು ಪಾಕಿಸ್ತಾನಿ ಮೂಲದವರೇ ಹೆಚ್ಚು ನಲುಗಿದರು. ಕೆಲವೇ ತಿಂಗಳಲ್ಲಿ ಯಾರ ವಂಶವಾಹಿಯೂ ಬದಲಾಗುವುದಿಲ್ಲ.

ಉತ್ತರ 2: ಈ ಸಮುದಾಯಗಳಲ್ಲಿ ಬಸ್ಸು, ಟ್ಯಾಕ್ಸಿ ಓಡಿಸುವವರು ಅನೇಕರು. ಅವರಿಗೆ ಮನೆಯಿಂದಲೇ ಕೆಲಸ ಮಾಡುವ ಅವಕಾಶವಿರಲಿಲ್ಲ, ಅವರು ಮರಳುತ್ತಿದ್ದುದು ಅಜ್ಜ, ಅಜ್ಜಿ, ಮೊಮ್ಮಕ್ಕಳೆಲ್ಲ ಒಂದೇ ಸೂರಿನಡಿ ಬಾಳುವ ಇಕ್ಕಟ್ಟಾದ ಮನೆಗಳಿಗೆ. ದಕ್ಷಿಣ ಏಷ್ಯಾದವರಲ್ಲಿ ಸಕ್ಕರೆ ಕಾಯಿಲೆಯೂ ಹೆಚ್ಚು.

ಉತ್ತರ 3: ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಮಟ್ಟವನ್ನು ನಿಜಕ್ಕಿಂತ ಹೆಚ್ಚಾಗಿ ತೋರಿಸಬಲ್ಲದು. ಹಾಗಾದಾಗ ಆಸ್ಪತ್ರೆಗೆ ದಾಖಲಾಗಬೇಕಾದವರೇ ಮನೆಯಲ್ಲಿ ಉಳಿದುಬಿಡುತ್ತಾರೆ.