ಡಿಗ್ರಿಯಲ್ಲಿ ಸೈಕಾಲಜಿ ಪ್ರಾಜೆಕ್ಟ್: ಗೈಡ್ ಬೇಡ ಎಂದ ವಿಷಯವನ್ನು ಹಿಡಿಯಬೇಕಾ, ಬಿಡಬೇಕಾ?

ಪ್ರಶ್ನೆ: ಬಿಎಸ್ಸಿ ಮೂರನೇ ವರ್ಷದ ವಿದ್ಯಾರ್ಥಿನಿ, ಬೆಂಗಳೂರು

ನಮ್ಮದು ಸ್ವಾಯತ್ತ ಕಾಲೇಜು. ಆರನೇ ಸೆಮಿಸ್ಟರ್‌ಗೆ ಸೈಕಾಲಜಿಯಲ್ಲಿ ಪ್ರಾಜೆಕ್ಟ್ ಕಡ್ಡಾಯ. ಸಿನಾಪ್ಸಿಸ್ (ಏನು ಮಾಡುತ್ತೇವೆ ಅನ್ನುವ ಮೊದಲ ರೂಪರೇಖೆ) ಕೊಡಲು ಇನ್ನು ಮೂರು ವಾರ ಇದೆ. ನಮ್ಮ ಹಾಸ್ಟೆಲ್ ಹುಡುಗಿಯರ ಖಿನ್ನತೆಯ ಬಗ್ಗೆ ಮಾಡಬೇಕು ಅಂತ ನನಗೆ ಎರಡು ವರ್ಷದಿಂದ ಆಸೆ. ಗೈಡ್ ಆಗಿ ಸಿಕ್ಕ ಮೇಡಂ ಓದಿದ್ದು ಇಂಡಸ್ಟ್ರಿಯಲ್ ಸೈಕಾಲಜಿ, ಅಂದರೆ ಕೆಲಸದ ಜಾಗದ ಮನಃಶಾಸ್ತ್ರ. "ಖಿನ್ನತೆ ಬೇಡ, ಬೇರೆ ಯೋಚಿಸು" ಅಂತ ಒಂದೇ ಮಾತಿನಲ್ಲಿ ಮುಗಿಸಿದರು. ಗೈಡ್ ಬದಲಾಯಿಸಿ ಅಂತ ಎಚ್‌ಒಡಿಗೆ (ವಿಭಾಗದ ಮುಖ್ಯಸ್ಥರಿಗೆ) ಅರ್ಜಿ ಕೊಡಲಾ? ನೂರು ಜನರ ಡೇಟಾ ಬೇಕೇ ಬೇಕು ಎನ್ನುತ್ತಾರೆ, ನಿಜವಾ? ಗೈಡ್ ಮಾಡಬೇಕಾದ್ದು ಯಾವುದು, ನಾನು ಮಾಡಬೇಕಾದ್ದು ಯಾವುದು ಅನ್ನುವುದೂ ಸರಿಯಾಗಿ ಗೊತ್ತಿಲ್ಲ. ಮಾಡಿ ಮುಗಿಸಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ, ಎಂಎಸ್ಸಿ ಮುಗಿಸಿ ಈಗ ಕೌನ್ಸೆಲರ್ ಆಗಿರುವವರು

ಅರ್ಜಿ ಈಗಲೇ ಬರೆಯಬೇಡಿ. ಯಾಕೆ ಬೇಡ ಅಂತ ಮೇಡಂ ಹತ್ತಿರ ಕೂತು ಕೇಳಿದ್ರಾ? ನಾನು ಕೇಳಿರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನದೂ ಇದೇ ವಿಷಯ. ಹಾಸ್ಟೆಲ್, ಖಿನ್ನತೆ. ನಮ್ಮ ಸರ್ ಎರಡು ಸಲ ಬೇಡ ಎಂದರು. ನಾನು ಹಟ ಹಿಡಿದೆ. ಕೊನೆಗೆ ಒಪ್ಪಿದರು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ತೆಗೆದುಕೊಂಡೆ. ಒಂಬತ್ತೇ ಪ್ರಶ್ನೆ, ದುಡ್ಡು ಕೊಡಬೇಕಿಲ್ಲ, ಎಲ್ಲರೂ ಬಳಸುತ್ತಾರೆ. ಗೂಗಲ್ ಫಾರ್ಮ್ ಮಾಡಿ, ಹೆಸರು ಬೇಡ, ರೂಮ್ ನಂಬರ್ ಬೇಡ ಅಂತ ಬರೆದು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೆಸರು ಕೇಳದಿದ್ದರೆ ಎಥಿಕ್ಸ್ ಮುಗಿಯಿತು ಅಂತ ನಂಬಿದ್ದೆ.

ಎರಡನೇ ದಿನ ರಾತ್ರಿ ಊಟ ಮುಗಿಸಿ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಶೀಟ್ ತೆರೆದೆ. ನಲವತ್ತೊಂದು ಉತ್ತರ ಬಂದಿತ್ತು. ಖುಷಿಯಿಂದ ಒಂದೊಂದೇ ಕಾಲಂ ನೋಡುತ್ತಾ ಹೋದೆ. ಒಂಬತ್ತನೇ ಕಾಲಂನಲ್ಲಿ ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಇಪ್ಪತ್ತೇಳನೇ ಸಾಲಿನಲ್ಲಿ 3 ಇತ್ತು. ಆ ಪ್ರಶ್ನೆ ಏನು ಗೊತ್ತಾ? ಕಳೆದ ಎರಡು ವಾರದಲ್ಲಿ, ಸತ್ತರೇ ಒಳ್ಳೆಯದು ಅಥವಾ ನನಗೆ ನಾನೇ ನೋವು ಮಾಡಿಕೊಳ್ಳಬೇಕು ಅನ್ನುವ ಯೋಚನೆ ಎಷ್ಟು ಸಲ ಬಂತು ಅಂತ. ಮೂರು ಅಂದರೆ ಹೆಚ್ಚುಕಡಿಮೆ ದಿನಾ. ಅವಳು ಇದೇ ಕಟ್ಟಡದಲ್ಲಿ ಇದ್ದಾಳೆ. ಬೆಳಿಗ್ಗೆ ಬಿಸಿನೀರಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವಳೂ ಇರಬಹುದು. ಯಾರು ಅಂತ ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆ.

ಸರ್‌ಗೆ ಫೋನ್ ಮಾಡಿದೆ. ಬೈಯಲಿಲ್ಲ. "ಮೊದಲು ಫಾರ್ಮ್ ಮುಚ್ಚು. ಯಾರಿಗೂ ಹೇಳಬೇಡ, ಗ್ರೂಪಿನಲ್ಲಿ ಏನೂ ಹಾಕಬೇಡ. ನಾನು ಬರ್ತೀನಿ" ಎಂದರು. ಅರ್ಧ ಗಂಟೆಯಲ್ಲಿ ಹಾಸ್ಟೆಲ್ ಗೇಟಿನಲ್ಲಿದ್ದರು. ಮರುದಿನದಿಂದ ಕಾಲೇಜಿನ ಕೌನ್ಸೆಲರ್ ಪ್ರತಿ ಸಂಜೆ ನಮ್ಮ ಹಾಸ್ಟೆಲ್‌ನಲ್ಲೇ ಕೂತರು. ಯಾರಿಗೂ ಯಾಕೆ ಅಂತ ಹೇಳಲಿಲ್ಲ, ಎಲ್ಲರಿಗೂ ಬಾಗಿಲು ತೆರೆದಿತ್ತು. ಆ ಹುಡುಗಿ ಬಂದಳಾ ಇಲ್ಲವಾ, ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ದಿನವೂ ಇದೇ ಕೆಲಸ ಮಾಡುತ್ತೇನೆ, ಆದರೂ ಆ ಇಪ್ಪತ್ತೇಳನೇ ಸಾಲು ಮರೆತಿಲ್ಲ.

ಆಮೇಲೆ ಸರ್ ಹೇಳಿದ ಮಾತು: "ಉತ್ತರ ಬಂದ ಮೇಲೆ ಏನು ಮಾಡಬೇಕು ಅಂತ ಮೊದಲೇ ಗೊತ್ತಿದ್ದರೆ ಮಾತ್ರ ಆ ಪ್ರಶ್ನೆ ಕೇಳು." ನಿಮ್ಮ ಮೇಡಂ ಮನಸ್ಸಿನಲ್ಲಿ ಇದೇ ಇರಬಹುದು. ಹೋಗಿ ಕೇಳಿ. ಕೌನ್ಸೆಲರ್ ಯಾರು, ಯಾವ ಅಂಕ ಬಂದರೆ ಯಾರಿಗೆ ತಿಳಿಸುವುದು, ಅದನ್ನು ಒಪ್ಪಿಗೆ ಪತ್ರದಲ್ಲಿ ಹೇಗೆ ಬರೆಯುವುದು, ಫಾರ್ಮಿನ ಮೊದಲಲ್ಲೂ ಕೊನೆಯಲ್ಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇದೆಯಾ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಆಗಲೂ ಬೇಡ ಎಂದರೆ ಬಿಟ್ಟುಬಿಡಿ. ನಾನು ಕೊನೆಗೆ ನಿದ್ದೆ ಮತ್ತು ಪರೀಕ್ಷೆ ಒತ್ತಡದ ಮೇಲೆ ಮಾಡಿದೆ. ಅದೇ ಹಾಸ್ಟೆಲ್, ಅದೇ ಹುಡುಗಿಯರು. ಕಲಿತದ್ದೇನೂ ಕಡಿಮೆಯಾಗಲಿಲ್ಲ.

ನೂರು ಜನ ಅನ್ನುವುದು ರೂಢಿ, ನಿಯಮ ಅಲ್ಲ. ಎಷ್ಟು ಜನ ಬೇಕು ಅನ್ನುವುದು ನೀವು ಏನನ್ನು ಹುಡುಕುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಎರಡು ಅಂಶಗಳ ನಡುವೆ ಮಧ್ಯಮ ಮಟ್ಟದ ಸಂಬಂಧ, ಅಂದರೆ 0.3ರ ಆಸುಪಾಸು ಇದೆಯಾ ಅಂತ ನೋಡಲು ಸುಮಾರು 85 ಜನ ಸಾಕು. ಎರಡು ಗುಂಪುಗಳ ನಡುವಿನ ಮಧ್ಯಮ ವ್ಯತ್ಯಾಸ ನೋಡಬೇಕಾದರೆ ಒಂದೊಂದು ಗುಂಪಿನಲ್ಲೂ 64, ಒಟ್ಟು 128. ಇದು ಶೇ 80ರ ಪವರ್ (ನಿಜವಾಗಿ ಇರುವುದು ಡೇಟಾದಲ್ಲಿ ಕಾಣುವ ಸಾಧ್ಯತೆ), 0.05ರ ಮಟ್ಟ (ಇಲ್ಲದ್ದನ್ನು ಇದೆ ಅನ್ನುವ ತಪ್ಪಿನ ಮಿತಿ) ಹಿಡಿದ ಲೆಕ್ಕ. ಜಿ-ಪವರ್ ಎಂಬ ಉಚಿತ ಸಾಫ್ಟ್‌ವೇರ್ ಇದನ್ನು ಎರಡು ನಿಮಿಷದಲ್ಲಿ ಹೇಳುತ್ತದೆ. ಆ ಪುಟವನ್ನು ಪ್ರಿಂಟ್ ಹಾಕಿ ಸಿನಾಪ್ಸಿಸ್‌ಗೆ ಸೇರಿಸಿ.

ಧಾರವಾಡದಿಂದ, ಕಳೆದ ವರ್ಷ ಬಿಎ ಮುಗಿಸಿದವರು

ಹಳ್ಳಿಯಿಂದ ಬಂದ ಹುಡುಗಿಯರು ನಿಮ್ಮ ಹಾಸ್ಟೆಲ್‌ನಲ್ಲಿ ಇದ್ದರೆ ಕನ್ನಡ ಪ್ರಶ್ನಾವಳಿ ಬೇಕಾಗುತ್ತದೆ. ಅಲ್ಲೇ ನನ್ನ ಒಂದು ತಿಂಗಳು ಹೋಯಿತು.

ಒತ್ತಡ ಅಳೆಯುವ ಪಿಎಸ್‌ಎಸ್-10 ಸ್ಕೇಲನ್ನು ನಾನೇ ಅನುವಾದ ಮಾಡಿದೆ. ಕೆಲಸಗಳು ನಾವು ಅಂದುಕೊಂಡ ಹಾಗೆ ನಡೆಯುತ್ತಿವೆ ಅಂತ ಎಷ್ಟು ಸಲ ಅನ್ನಿಸಿತು ಎಂಬುದು ಅದರಲ್ಲಿ ಒಂದು ಪ್ರಶ್ನೆ. ನಾನು ಪದಕ್ಕೆ ಪದ ಹಾಕಿ "ಸಂಗತಿಗಳು ನಿಮ್ಮ ದಾರಿಯಲ್ಲಿ ಹೋಗುತ್ತಿವೆ" ಅಂತ ಬರೆದಿದ್ದೆ. ಮೂಲ ನೋಡಿರದ ಇಂಗ್ಲಿಷ್ ವಿಭಾಗದ ಒಬ್ಬ ಗೆಳತಿಗೆ ಅದನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸಲು ಕೊಟ್ಟೆ. ಅವಳ ಹಾಳೆಯಲ್ಲಿ ರಸ್ತೆ ಬಂತು, ರಸ್ತೆಗೆ ಅಡ್ಡ ಬರುವ ವಸ್ತುಗಳು ಬಂದವು! ನಮ್ಮ ಮೇಡಂ ಆ ಹಾಳೆ ನೋಡಿ, "ಅಂದುಕೊಂಡಂಗ ಆಗಾಕತ್ತೈತಿ ಅಂತ ನಿಮ್ಮ ಅವ್ವ ಹ್ಯಾಂಗ ಹೇಳ್ತಾರ, ಹಂಗ ಬರಿ" ಎಂದರು. ಬರೆದೆ. ಸರಿಹೋಯಿತು. ಹೀಗೆ ವಾಪಸ್ ತಿರುಗಿಸಿ ನೋಡುವ ಕ್ರಮವನ್ನು ಬ್ರಿಸ್ಲಿನ್ ಎಂಬವರು 1970ರಲ್ಲೇ ವಿವರಿಸಿದ್ದಾರೆ. ಅದನ್ನು ಮಾಡದೆ "ಸಂಶೋಧಕರೇ ಅನುವಾದಿಸಿದರು" ಅಂತ ಒಂದು ಸಾಲು ಬರೆದರೆ ವೈವಾದಲ್ಲಿ ಅದನ್ನೇ ಹಿಡಿಯುತ್ತಾರೆ.

ಅನುವಾದಕ್ಕೆ ಮುಂಚೆ ಹುಡುಕಿ ನೋಡಿ. ಪಿಎಚ್‌ಕ್ಯೂ-9ಕ್ಕೆ ಕನ್ನಡ ರೂಪ ಆಗಲೇ ಇದೆ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಎಂಬ ವೆಬ್‌ಸೈಟಿನಲ್ಲಿ ಸಿಗುತ್ತವೆ. ಅವುಗಳ ಕೊನೆಯ ಅನುಬಂಧ ತೆರೆದು ನೋಡಿ, ಕನ್ನಡ ಪ್ರಶ್ನಾವಳಿಗಳು ಅಲ್ಲಿ ಕಾಣುತ್ತವೆ. ಬಳಸುವ ಮುಂಚೆ ಬರೆದವರಿಗೆ ಒಂದು ಮೇಲ್ ಹಾಕಿ ಅನುಮತಿ ಕೇಳಿ. ಬಿನೆ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವ ಹಾಗೆ ಮಾಡಿದ್ದರು. ಈ ಕೆಲಸಕ್ಕೆ ನಮ್ಮಲ್ಲಿ ಅಷ್ಟು ಹಳೆಯ ಬುನಾದಿ ಇದೆ.

ಇನ್ನೊಂದು. ಪಿಎಸ್‌ಎಸ್-10ರಲ್ಲಿ 4, 5, 7, 8ನೇ ಪ್ರಶ್ನೆಗಳ ಅಂಕ ಉಲ್ಟಾ ಮಾಡಬೇಕು. ನಾನು ಮರೆತಿದ್ದೆ. ಆಲ್ಫಾ, ಅಂದರೆ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ, ಪಾತಾಳಕ್ಕೆ ಇಳಿದಿತ್ತು. ಮೂರು ದಿನ ಡೇಟಾನೇ ಕೆಟ್ಟಿದೆ ಅಂತ ಅತ್ತಿದ್ದೆ. ಮೇಡಂ ಐದು ನಿಮಿಷದಲ್ಲಿ ಕಂಡುಹಿಡಿದರು.

ಹಾಸನದ ಕಡೆಯವರು, ಪ್ರಾಜೆಕ್ಟ್ ಮುಗಿಸಿ ಎರಡು ವರ್ಷ ಆಯ್ತು

ನಿಮ್ಮ ಮೇಡಂ ಬೇಡ ಅಂತಾದರೂ ಹೇಳಿದ್ದಾರೆ. ನನ್ನ ಗೈಡ್ ಏಳು ವಾರ ಏನೂ ಹೇಳಲಿಲ್ಲ. ಮೇಲ್‌ಗೆ ಉತ್ತರ ಇಲ್ಲ, ಫೋನ್ ಎತ್ತುವುದಿಲ್ಲ. ಅವರ ಕೈಕೆಳಗೆ ಹದಿನಾಲ್ಕು ಜನ ಇದ್ದೆವು, ಜೊತೆಗೆ ಪರೀಕ್ಷಾ ವಿಭಾಗದ ಕೆಲಸ ಬೇರೆ. ಅದು ಆಮೇಲೆ ಗೊತ್ತಾಯಿತು.

ಕೆಲಸಕ್ಕೆ ಬಂದದ್ದು ಕಾಗದ. ಪ್ರತಿ ಸೋಮವಾರ ಬೆಳಿಗ್ಗೆ ಅರ್ಧ ಹಾಳೆಯಲ್ಲಿ ಐದು ಸಾಲು ಬರೆದು ಅವರ ಮೇಜಿನ ಮೇಲೆ, ಅಟೆಂಡೆನ್ಸ್ ಪುಸ್ತಕದ ಕೆಳಗೆ ಇಡುತ್ತಿದ್ದೆ. ಕಳೆದ ವಾರ ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ, ಹೌದು ಅಥವಾ ಇಲ್ಲ ಅನ್ನಬಹುದಾದ ಒಂದೇ ಒಂದು ಪ್ರಶ್ನೆ, ದಿನಾಂಕ. ಎರಡನೇ ವಾರದಿಂದ ಕೆಂಪು ಪೆನ್ನಿನಲ್ಲಿ ಉತ್ತರ ಬರಲು ಶುರುವಾಯಿತು. "ಬೇಡ. ಒಂದು ಸ್ಕೇಲ್ ಸಾಕು." "ಸರಿ, ಮುಂದುವರಿಸು." ಅಷ್ಟೇ. ಆದರೆ ಅಷ್ಟರಲ್ಲೇ ಪ್ರಾಜೆಕ್ಟ್ ಆಯಿತು. ಸ್ಯಾಂಪಲ್ ಮಧ್ಯದಲ್ಲಿ ಯಾಕೆ ಬದಲಾಯಿಸಿದೆ ಅಂತ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದಾಗ ಆ ಕೆಂಪು ಅಕ್ಷರದ ಹಾಳೆ ತೋರಿಸಿದೆ.

ಇದೂ ಆಗದಿದ್ದರೆ ಎಚ್‌ಒಡಿ ಹತ್ತಿರ ಹೋಗಿ. ದೂರು ಹೇಳುವ ಹಾಗೆ ಬೇಡ, ತಾರೀಖುಗಳನ್ನು ತೋರಿಸಿ "ಯಾರಾದರೂ ಸಹ-ಗೈಡ್ ಸಿಗಬಹುದಾ" ಅಂತ ಕೇಳಿ.

ಸೈಕಾಲಜಿ ಅಧ್ಯಾಪಕರು, ಇಪ್ಪತ್ತು ವರ್ಷದಿಂದ ಪ್ರಾಜೆಕ್ಟ್ ಮಾಡಿಸುತ್ತಿರುವವರು

ನೋಡಮ್ಮ, ಗೈಡ್ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾರೆ. ಈ ಕೆಲಸ ನನ್ನ ಮಾರ್ಗದರ್ಶನದಲ್ಲಿ ನಡೆಯಿತು ಅಂತ ಅದರ ಅರ್ಥ. ಹಾಗಾಗಿ ಪ್ರಶ್ನೆ ಸರಿ ಇದೆಯಾ, ವಿಧಾನ ಅದಕ್ಕೆ ಹೊಂದುತ್ತದಾ, ಯಾರಿಗೂ ತೊಂದರೆ ಆಗುವುದಿಲ್ಲವಾ, ಲೆಕ್ಕ ತಪ್ಪಿಲ್ಲವಾ, ಇಷ್ಟನ್ನು ನೋಡುವುದು ನಮ್ಮ ಹೊಣೆ. ಓದುವುದು, ಡೇಟಾ ತರುವುದು, ಬರೆಯುವುದು ನಿನ್ನದು. ಅಧ್ಯಾಯವನ್ನು ಗೈಡ್ ಬರೆದುಕೊಡಬಾರದು, ನೀನೂ ಕೇಳಬಾರದು. ಮೇಡಂ ಓದಿದ್ದು ಇಂಡಸ್ಟ್ರಿಯಲ್ ಸೈಕಾಲಜಿ ಅನ್ನುವುದನ್ನು ತೊಂದರೆ ಅಂತ ನೋಡಬೇಡ. ಸ್ಕೇಲ್, ಸ್ಯಾಂಪಲ್, ಅಂಕಿಅಂಶ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಡಿಗ್ರಿ ಪ್ರಾಜೆಕ್ಟಿಗೆ ಬೇಕಾದ್ದು ಅದೇ.

ನಿಮ್ಮ ಹಾಸ್ಟೆಲ್‌ನಲ್ಲಿ ಹದಿನೆಂಟು ತುಂಬದವರು ಇದ್ದಾರಾ ನೋಡು. ಪಿಯು ಹುಡುಗಿಯರು, ಮೊದಲ ವರ್ಷದ ಕೆಲವರು ಇರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಅವರ ವಿಷಯದಲ್ಲಿ ತಂದೆ ತಾಯಿಯ ಒಪ್ಪಿಗೆ ಬೇಕು, ಮಕ್ಕಳ ಸಮ್ಮತಿಯೂ ಬೇಕು. ವಾರ್ಡನ್ ಸಹಿ ಅದಕ್ಕೆ ಬದಲಿ ಆಗುವುದಿಲ್ಲ. ಬೆಕ್ ಖಿನ್ನತಾ ಪರೀಕ್ಷೆಯಂಥವು ಹಣ ಕೊಟ್ಟು ತರುವಂಥವು, ಜೆರಾಕ್ಸ್ ಮಾಡಿ ಹಂಚಬೇಡ. ಬೇರೆಯವರ ಬರಹ ಎತ್ತುವ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ಇದೆ. ಶೇ 10ರವರೆಗಿನ ಹೋಲಿಕೆಗೆ ದಂಡ ಇಲ್ಲ, ಅದಕ್ಕಿಂತ ಮೇಲೆ ಶೇ 40ರವರೆಗೆ ಹೋದರೆ ತಿದ್ದಿ ಮತ್ತೆ ಕೊಡಬೇಕಾಗುತ್ತದೆ, ಅದನ್ನೂ ದಾಟಿದರೆ ಶಿಕ್ಷೆ ಇನ್ನೂ ಕಠಿಣ.

ನಾಲ್ಕನೇ ವರ್ಷದ ಆನರ್ಸ್ ವಿಷಯ ಇದರ ಜೊತೆ ಕಲಸಿಕೊಳ್ಳಬೇಡ. ಯುಜಿಸಿಯ 2022ರ ಚೌಕಟ್ಟಿನಲ್ಲಿ ಸಂಶೋಧನಾ ಆನರ್ಸ್ ಇದೆ. ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ 75 ಬಂದವರಿಗೆ, 12 ಕ್ರೆಡಿಟ್‌ನ ಪ್ರಬಂಧ. ನಮ್ಮ ರಾಜ್ಯ 2024-25ರಿಂದ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂದಿದೆ. ನಿನ್ನದು ಕಾಲೇಜಿನ ಪ್ರಾಜೆಕ್ಟ್. ಎಷ್ಟು ಪುಟ, ಎಷ್ಟು ಅಂಕ ಅನ್ನುವುದು ನಿಮ್ಮ ಸಿಲಬಸ್ ಪುಸ್ತಕದಲ್ಲೇ ಇರುತ್ತದೆ. ಸೀನಿಯರ್‌ಗಳ ಬಾಯಿಮಾತು ನಂಬಬೇಡ.

ನನಗೆ ನಿಜಕ್ಕೂ ನೋವಾಗುವ ವಿಷಯ ಒಂದಿದೆ. ಊಹೆ ಸುಳ್ಳಾಯಿತು ಅಂತ ಮಕ್ಕಳು ಡೇಟಾ ತಿದ್ದುತ್ತಾರೆ. ಪ್ರತಿ ವರ್ಷ ಒಬ್ಬರಾದರೂ ಸಿಕ್ಕಿಬೀಳುತ್ತಾರೆ. ಸಂಬಂಧ ಕಾಣಲಿಲ್ಲ ಅಂದರೆ ಕಾಣಲಿಲ್ಲ ಅಂತ ಬರೆ. ಯಾಕೆ ಕಾಣಲಿಲ್ಲ ಅಂತ ಎರಡು ಪುಟ ಯೋಚಿಸು. ನಾನು ಅಂಥ ಪ್ರಾಜೆಕ್ಟಿಗೆ ಹೆಚ್ಚು ಅಂಕ ಕೊಟ್ಟಿದ್ದೇನೆ.

ಅಮೆರಿಕದಿಂದ, ಮಗಳ ಪ್ರಬಂಧ ನೋಡಿದ ಕನ್ನಡಿಗ ತಾಯಿ

ಇಲ್ಲಿ ಸುಮಾರು ಕಡೆ ಪ್ರಬಂಧ ಕಡ್ಡಾಯ ಅಲ್ಲ, ಆನರ್ಸ್ ಬೇಕಾದವರು ಮಾಡುತ್ತಾರೆ. ಗೈಡ್ ಅಲಾಟ್ ಆಗುವುದೂ ಇಲ್ಲ. ನನ್ನ ಮಗಳು ಎರಡನೇ ವರ್ಷದಲ್ಲೇ ಒಬ್ಬ ಪ್ರೊಫೆಸರ್ ಲ್ಯಾಬಿಗೆ ಸೇರಿ, ಒಂದು ವರ್ಷ ಬೇರೆಯವರ ಡೇಟಾ ಎಂಟ್ರಿ ಮಾಡಿದಳು. ಆಮೇಲೆ ಅವರೇ ಅವಳ ಗೈಡ್ ಆದರು. ಜನರ ಮೇಲೆ ಮಾಡುವ ಅಧ್ಯಯನ ಅಂದರೆ ಯಾರಿಗೂ ತೊಂದರೆ ಆಗದ ಹಾಗೆ ನೋಡುವ ಐಆರ್‌ಬಿ ಎಂಬ ಸಮಿತಿಗೆ ಹೋಗಲೇಬೇಕು. ಅವಳ ಅರ್ಜಿ ಎರಡು ಸಲ ವಾಪಸ್ ಬಂತು. ನಮ್ಮ ಕಡೆಯ ಮಕ್ಕಳಿಗೆ ಗೈಡ್ ಜೊತೆ ಮೊದಲೇ ಒಂದು ವರ್ಷ ಕೆಲಸ ಮಾಡುವ ಅವಕಾಶ ಸಿಗಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಪ್ರಶ್ನೆ ಕೇಳಿದವರಿಂದ, ಐದು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಮೈಸೂರಿನ ಅಕ್ಕ, ನೀವು ಬರೆದದ್ದನ್ನು ನಾಲ್ಕು ಸಲ ಓದಿದೆ. ಒಂದು ಹಾಳೆ ಬರೆದುಕೊಂಡು ಮೇಡಂ ಹತ್ತಿರ ಹೋದೆ. ಕೌನ್ಸೆಲರ್ ಯಾರು ಅನ್ನುವ ಕಡೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ನಮ್ಮ ಕಾಲೇಜಿನಲ್ಲಿ ಆ ಹುದ್ದೆ ಒಂದು ವರ್ಷದಿಂದ ಖಾಲಿ ಇದೆ. ಮೇಡಂ ಅದನ್ನೇ ಬೆರಳಿಟ್ಟು ತೋರಿಸಿದರು. "ಇದಕ್ಕೇ ಬೇಡ ಅಂದಿದ್ದು. ಬಿಡಿಸಿ ಹೇಳಬೇಕಿತ್ತು ನಾನು" ಎಂದರು. ಹದಿನೆಂಟು ದಾಟಿದವರನ್ನು ಮಾತ್ರ ತೆಗೆದುಕೊಂಡು ನಿದ್ದೆ ಮತ್ತು ಒತ್ತಡದ ಮೇಲೆ ಮಾಡುತ್ತೇನೆ. ಗುರುವಾರ ಮಧ್ಯಾಹ್ನ ಮೂರು ಗಂಟೆ ನನಗೆ ಅಂತ ಮೇಡಂ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ಕೌನ್ಸೆಲರ್ ಹುದ್ದೆ ತುಂಬಿ ಅಂತ ಪ್ರಿನ್ಸಿಪಾಲರಿಗೆ ಒಂದು ಮನವಿ ಬರೆದಿದ್ದೇವೆ, ಮೇಡಂ ಮೊದಲ ಸಹಿ ಹಾಕಿದರು.

ಕನ್ನಡ ಪ್ರಶ್ನಾವಳಿಯನ್ನು ಮೊದಲು ಎಷ್ಟು ಜನರ ಹತ್ತಿರ ತುಂಬಿಸಿ ನೋಡಬೇಕು?

ಧಾರವಾಡದಿಂದ

ನಾನು ಹತ್ತು ಜನರ ಹತ್ತಿರ ತುಂಬಿಸಿದ್ದೆ. ಪಕ್ಕದಲ್ಲೇ ಕೂತು, ಅವರು ಪೆನ್ನು ನಿಲ್ಲಿಸಿದ ಕಡೆಯೆಲ್ಲ ಗುರುತು ಹಾಕಿಕೊಳ್ಳಿ. ಆ ಹತ್ತು ಜನರನ್ನು ಮುಖ್ಯ ಡೇಟಾಕ್ಕೆ ಸೇರಿಸಬೇಡಿ. ನನ್ನ ಕನ್ನಡ ರೂಪ ಬೇಕಾದರೆ ನಿಮ್ಮ ಗುರುವಾರಕ್ಕೆ ಮುಂಚೆ ಕಳಿಸುತ್ತೇನೆ, ಮೇಡಂಗೆ ತೋರಿಸಿ.